ಆರು ಬಿರಡೆ

ಝೇಂ ಅಂತು ಅಡುಗೆಮನೆ ಕಡೆಯಿಂದ, ಜೇನುಹುಳ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ, ಸದ್ಯ, ಇವತ್ತೂ ಸಿಕ್ಕಿತು, ಲೇಯಿಮೋಮಿ ಹೆಬ್ಬೆರಳನ್ನು ಗಿಟಾರಿನ ದಪ್ಪ ತಂತಿಯ ಮೇಲೆ ಒತ್ತಿ ಸದ್ದು ಅಡಗಿಸಿದಳು, ಒಳಗಿನ ಝೇಂಕಾರವೂ ಸುಮ್ಮನಾಯಿತು, ಬಿಟ್ಟು ಮೀಟಿದಳು, ಮತ್ತೆ ಝೇಂ — ಗೂಡಿನ ಮೇಲಿನ ಬಿಸ್ಕತ್ತು ಡಬ್ಬಿಯ ತಗಡಿನ ಮುಚ್ಚಳ, ನಲವತ್ತೊಂದು ವರ್ಷ ಗಂಡ ಪಿಲಿಪೊ ಗಿಟಾರು ಮುಟ್ಟಿದಾಗಲೆಲ್ಲ ನಡುಗುತ್ತಿದ್ದ ಮುಚ್ಚಳ, ಅದರಡಿ ಒಂದು ಬಟ್ಟೆ ತುರುಕೋ ಮಾರಾಯ ತಲೆ ಚಿಟ್ಟು ಹಿಡಿಯುತ್ತೆ ಅಂತ ಎಷ್ಟು ಸಲ ಅಂದಿದ್ದಳು, ಹೂಂ ಅಂದು ಅಂದು ಅವನು ತುರುಕಲೇ ಇಲ್ಲ, ಪುಣ್ಯಕ್ಕೆ ತುರುಕಲಿಲ್ಲ, ದಪ್ಪ ತಂತಿ ಎಷ್ಟು ಸಡಿಲ ಇರಬೇಕೆಂದು ಬಲ್ಲ ಜೀವ ಈ ಮನೆಯಲ್ಲಿ ಈಗ ಅದೊಂದೇ. ಕೂದಲೆಳೆಯಷ್ಟು ಬಿಗಿಯಾದರೂ ಮುಚ್ಚಳ ಮಾತಾಡುವುದಿಲ್ಲ, ಕೂದಲೆಳೆಯಷ್ಟು ಸಡಿಲವಾದರೂ ಇಲ್ಲ, ಅದನ್ನು ಕಂಡುಕೊಳ್ಳುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು, ಒಂದು ಬಿಟ್ಟು ಅದರಾಚೆಯ ತಂತಿ ಸುಲಭ, ಅದೇ ದನಿ, ತಾಯಿಯ ದನಿಯಲ್ಲೇ ಮಗು ಕರೆದ ಹಾಗೆ, ಹೆಬ್ಬೆರಳು ಇಲ್ಲೊಮ್ಮೆ ಅಲ್ಲೊಮ್ಮೆ, ಧೋಂ ಧಿಂ, ಧೋಂ ಧಿಂ, ನಿಲ್ಲಬಾರದು, ತೋರುಬೆರಳು ಏನೇ ಮಾಡಲಿ ಹೆಬ್ಬೆರಳು ತಿರುಗಿ ನೋಡಬಾರದು, ಹೆಬ್ಬೆರಳು ಕುದುರೆ, ಉಳಿದ ಬೆರಳುಗಳು ಸವಾರ, ಸವಾರ ಹಗ್ಗ ಬೀಸಲಿ, ಹಾಡಲಿ, ನಿದ್ದೆ ಹೊಡೆಯಲಿ, ಕುದುರೆಗೇನಂತೆ, ಅದರ ಪಾಡಿಗೆ ಅದು ಮನೆ ಕಡೆ ನಡೆಯುತ್ತಿರಬೇಕು — ದನಗಳಿಗೆ ಬರೆ ಹಾಕುವ ದಿನ ಎರಡು ಬಾಟಲಿ ಏರಿಸಿದ ಮೇಲೆ ಪಿಲಿಪೊ ಯಾರಿಗೋ ಹೇಳಿದ ಮಾತು, ಬೇಲಿಯಾಚೆ ಮಾಂಸ ಹೆಚ್ಚುತ್ತಿದ್ದವಳ ಕಿವಿಗೆ ಬಿದ್ದದ್ದು, ಅವನಿಂದ ಅವಳು ಕಲಿತ ಪಾಠ ಅಷ್ಟೇ. ಮೊದಲ ತಿಂಗಳುಗಳಲ್ಲಿ ಅವಳ ಕುದುರೆ ಎರಡು ಹೆಜ್ಜೆಗೊಮ್ಮೆ ನಿಂತು ಸವಾರನ ಮುಖ ನೋಡುತ್ತಿತ್ತು, ತೋರುಬೆರಳು ಎದ್ದರೆ ಹೆಬ್ಬೆರಳೂ ಏಳುವುದು, ಅದಕ್ಕೇ ರೊಟ್ಟಿಹಿಟ್ಟು ಕಲಸುವಾಗ ಮೇಜಿನ ಅಂಚಿಗೆ ಧೋಂ ಧಿಂ, ಇಗರ್ಜಿಯ ಬೆಂಚಿನಲ್ಲಿ ತೊಡೆಯ ಮೇಲೆ ಧೋಂ ಧಿಂ, ಪಕ್ಕದಲ್ಲಿ ಕೂತ ಹೆಂಗಸು ಕೈ ಹಿಡಿದು ಆಂಟಿ, ನಡುಕವಾ, ಡಾಕ್ಟರಿಗೆ ತೋರ್ಸಿದ್ರಾ ಅಂದಳು, ಇಲ್ಲಮ್ಮ, ಕುದುರೆ ಪಳಗಿಸ್ತಿದೀನಿ ಅಂತ ಹೇಳುವುದಕ್ಕಾಗುತ್ತದೆಯೇ.

ಚಳಿ, ಮೌನಾ ಕೇಯಾ ಬೆಟ್ಟದ ನೆತ್ತಿಯ ಮೇಲೆ ಹಿಮ ಬಿದ್ದಿರಬೇಕು, ಕಾಣುತ್ತಿಲ್ಲ, ಹುಲ್ಲುಗಾವಲಿನ ಮೇಲೆ ಅಡ್ಡಡ್ಡ ಜಡಿಮಳೆ, ವೈಮೇಯದ ಮಳೆಗೆ ನೆಟ್ಟಗೆ ಬೀಳುವುದೇ ಗೊತ್ತಿಲ್ಲ, ಜಗಲಿಯಲ್ಲಿ ಎರಡು ಕುರ್ಚಿ, ತೊಗಲಿನದು ಪಿಲಿಪೊನದು, ಹಸಿರು ದಿಂಬಿನದು ಅವಳದು, ಕಾಫಿ ತಣ್ಣಗಾಗಿದೆ, ಎರಡು ಬಟ್ಟಲಿನಷ್ಟು ಕಾಸುವ ಕೈಗೆ ಇನ್ನೂ ಬುದ್ಧಿ ಬಂದಿಲ್ಲ, ನಾಳೆ ಭಾನುವಾರ, ಅವನು ಹೋಗಿ ವರ್ಷ ತುಂಬುತ್ತದೆ, ಇಗರ್ಜಿ ಮುಗಿಸಿ ಎಲ್ಲ ಇಲ್ಲಿಗೇ ಬರುತ್ತಾರೆ, ಹಂದಿಯನ್ನು ಬಿಸಿಗಲ್ಲಿನ ನಡುವೆ ಹೂತು ಬೇಯಿಸುವ ಗುಂಡಿ ಆಗಲೇ ತೋಡಿದ್ದಾಗಿದೆ, ನುಡಿಸೋರು ಯಾರು ಅಂತ ಕೇಳಿದಾಗ ನಾನೇ ನುಡಿಸ್ತೀನಿ ಅಂದುಬಿಟ್ಟಳಲ್ಲ, ಎಲ್ಲರ ಮುಂದೆ, ಪಿಲಿಪೊನ ಹಾಡು, ಪಿಲಿಪೊನ ಶ್ರುತಿಯಲ್ಲೇ, ಯಾಕಂದಳೋ. ಗೊತ್ತಿರುವುದು ಎರಡು ತಂತಿ, ನಾಲ್ಕು ಗೊತ್ತಿಲ್ಲ. ಆ ಶ್ರುತಿ ಪಿಲಿಪೊನ ತಾತನದು, ಇಂಥ ತಂತಿಯನ್ನು ಇಷ್ಟು ಸಡಿಲಿಸು ಅಂಥದ್ದನ್ನು ಅಷ್ಟು ಅಂತ ಕುದುರೆ ಮೇಲೆ ಕೂತೇ ಮಗನ ಕಿವಿಯಲ್ಲಿ ಹೇಳಿದ್ದನಂತೆ, ಮಗ ಪಿಲಿಪೊನಿಗೆ, ಪಿಲಿಪೊ — ಅವನು ಹೇಳಬೇಕಾದವರು ಹುಟ್ಟಲಿಲ್ಲ. ಒಂದೊಂದು ಮನೆಗೂ ಒಂದೊಂದು ಸಡಿಲ, ಹೊರಗೆ ಬಿಟ್ಟರೆ ಮನೆತನವನ್ನೇ ಬಿಟ್ಟುಕೊಟ್ಟ ಹಾಗೆ, ಹಾಗಾಗಿ ನುಡಿಸಿ ಮುಗಿಸಿದ ಮರುಕ್ಷಣ, ಚಪ್ಪಾಳೆ ಇನ್ನೂ ನಿಂತಿರುವುದಿಲ್ಲ, ಪಿಲಿಪೊ ಆರೂ ಬಿರಡೆಗಳನ್ನು ತಿರುವಿ ತಂತಿ ಜೋಲು ಬಿಡುವವನು, ಕಿರ್ ಕಿರ್ ಕಿರ್, ಆಮೇಲೆ ಗಿಟಾರನ್ನು ಯಾರ ಕೈಗಾದರೂ ಕೊಡು, ಅದು ಬರೀ ಹಲಗೆ, ಹಾಡು ಹಿಡಿದುಕೊಳ್ಳಲು ಟೇಪ್ ಯಂತ್ರ ಹೊತ್ತು ತಂದವನ ಮುಂದೆ ಎಲ್ಲರಿಗೂ ಗೊತ್ತಿರುವ ಅಂಗಡಿ ಶ್ರುತಿಯಲ್ಲಿ ನುಡಿಸಿ ಕಾಫಿ ಕುಡಿಸಿ ಕಳಿಸಿದ್ದ. ಶ್ರುತಿ ಮಾಡಲು ಅವನು ಬಿರಡೆಗೆ ಕೈ ಹಾಕಿದ ಕೂಡಲೇ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು, ಹೋಗು ಅಂತ ಅವನು ಒಂದು ದಿನವೂ ಅನ್ನಲಿಲ್ಲ, ಬಟ್ಟೆ ಬದಲಾಯಿಸುವವರ ಕಡೆ ಬೆನ್ನು ತಿರುಗಿಸುವ ಹಾಗೆ ಅದೊಂದು ಮರ್ಯಾದೆ, ನಲವತ್ತೊಂದು ವರ್ಷ ಬೆನ್ನು ತಿರುಗಿಸಿದವಳು ಈಗ ಬಿಸ್ಕತ್ತು ಡಬ್ಬಿಯನ್ನು ಕೇಳುತ್ತಿದ್ದಾಳೆ. ಕಿರ್ ಕಿರ್, ಬೇಡ, ಅದು ಬೇಡ ಈಗ, ಬಿರಡೆಗೆ ಹಾಕಿದ ಸಾಬೂನಿನ ಬಿಳಿ ಪುಡಿ ಬೆರಳಿಗೆ ಮೆತ್ತಿದ್ದು, ಬೇಡ — ಧೋಂ ಧಿಂ, ಮೇಲಿನ ಮೂರು ಸಣ್ಣ ತಂತಿ ಹೇಗೆ ತಿರುವಿದರೂ ಹಾಡು ಕುಂಟುತ್ತದೆ, ಬಾಯಲ್ಲಿ ಹಾಡಬಲ್ಲಳು, ಕೊನೆಯ ಎಳೆತದವರೆಗೂ, ಬೆರಳಿಗೆ ತಂದರೆ ಪಿಲಿಪೊನ ಅಂಗಿಯನ್ನು ಇನ್ಯಾರೋ ತೊಟ್ಟ ಹಾಗೆ, ಭುಜದಲ್ಲಿ ಬಿಗಿ, ತೋಳಲ್ಲಿ ಉದ್ದ.

ಲಾರಿ ಬರುತ್ತಿದೆ, ಏರಿನಲ್ಲಿ ಕೆಮ್ಮುವ ಲಾರಿ ಕವೀಕನದೇ, ಪಿಲಿಪೊನ ಚಿಕ್ಕಪ್ಪನ ಮಗ, ಆ ಸದ್ದು ಕೇಳಿದೊಡನೆ ಅವಳ ಕೈ ತಾನಾಗಿ ಬಿರಡೆಗಳ ಕಡೆ ಹೋಯಿತು, ಸಡಿಲಿಸು, ಮುಚ್ಚಿಡು, ಕಳ್ಳ ಬಂದ — ತಡೆದಳು, ಕದಿಯುವುದಕ್ಕೆ ಇನ್ನೇನುಳಿದಿದೆ. ಕವೀಕ ಟೋಪಿಯ ನೀರು ಕೊಡವಿ ಮೆಟ್ಟಿಲ ಮೇಲೆ ಒಣಮಾಂಸದ ಗಂಟು ಇಟ್ಟ, ಅತ್ತಿಗೆ, ನಾಳೆಗೆ ಅಂತ ತಂದೆ, ಇವತ್ತೇ ತಿಂದು ಮುಗಿಸ್ಬೇಡ, ನಾನೇನು ನಿನ್ನ ಥರ ಹೊಟ್ಟೆಬಾಕಿಯಾ ಅಂದಳು, ಅವನು ತೊಗಲಿನ ಕುರ್ಚಿಯನ್ನು ಒಮ್ಮೆ ನೋಡಿ ಅದರಲ್ಲಿ ಕೂರದೆ ಮೆಟ್ಟಿಲ ಮೇಲೇ ಕೂತ, ಎಪ್ಪತ್ತರ ಮುದುಕ, ಮೊಣಕಾಲು ಲಟಲಟ ಅಂತು. ಕೆಳಗಿನ ಬೇಲಿ ಹತ್ರ ಲಾರಿ ಗಾಜು ಇಳಿಸ್ದಾಗ ಕೇಳಿಸ್ತು ಅತ್ತಿಗೆ, ಒಂದು ಗಳಿಗೆ ಅವನೇ ಅಂದ್ಕೊಂಡೆ, ಸುಳ್ಳು ಹೇಳ್ಬೇಡ ಅಂದಳು, ದೇವ್ರಾಣೆ, ಹೆಬ್ಬೆರಳು ಅವಂದೇ, ಮೇಲಿನ ಬೆರಳು ಮಾತ್ರ — ಅವನು ಕೆಮ್ಮಿದ, ಮಾತ್ರ ಏನು, ಮಾತ್ರ ನಿಂದೇ ಅತ್ತಿಗೆ. ನಕ್ಕಳು, ಎಷ್ಟು ದಿನವಾಗಿತ್ತು ನಕ್ಕು. ಕೇಳಬೇಕು ಅಂದುಕೊಂಡೇ ವರ್ಷ ಕಳೆದಿದ್ದಳು, ಕೇಳಿದರೆ ಪಿಲಿಪೊನಿಗೆ ದ್ರೋಹ, ಕೇಳದಿದ್ದರೆ ನಾಳೆ ಎಲ್ಲರ ಮುಂದೆ ಖಾಲಿ ಕೈ, ಕವೀಕ, ನೀನು ಕದ್ದು ಕೇಳ್ತಿದ್ದೆಯಲ್ಲ, ಅಂದುಬಿಟ್ಟಳು, ಅವನು ಟೋಪಿ ತಿರುಗಿಸುತ್ತ ಕೂತ, ಯಾರು ಹೇಳಿದ್ರು, ಹೇಳೋದೇನು ಬಂತು, ಪೇರಳೆ ಗಿಡದ ಹಿಂದೆ ನಿನ್ನ ಬೂಟು ಕಾಣೋದು, ಪಿಲಿಪೊ ಹೇಳೋನು, ನೋಡು ಮೋಮಿ, ಗಿಡಕ್ಕೆ ಬೂಟು ಬಿಟ್ಟಿದೆ ಅಂತ, ಬೇಕಂತಲೇ ಬಿರಡೆ ಎರಡೆರಡು ಸಲ ತಿರುಗಿಸೋನು, ನಿನ್ನ ಲೆಕ್ಕ ತಪ್ಪಲಿ ಅಂತ. ಹಾಳಾದೋನು, ಅಂದ ಕವೀಕ, ಮೆಲ್ಲಗೆ, ಪ್ರೀತಿಯಿಂದ, ಅದಕ್ಕೇ ನಂಗೆ ಒಂದೊಂದು ದಿನ ಒಂದೊಂದು ಲೆಕ್ಕ ಬರೋದು. ಏನಾದ್ರೂ ಸಿಕ್ಕಿತ್ತಾ ನಿಂಗೆ, ನಿಜ ಹೇಳು, ಬೈಯಲ್ಲ, ಬೇಡ್ಕೊತೀನಿ. ಅವನು ಅವಳ ತೊಡೆಯ ಮೇಲಿನ ಗಿಟಾರನ್ನು ನೋಡಿದ, ಹೆಬ್ಬೆರಳಿನ ಎರಡು ತಂತಿ ಅತ್ತಿಗೆ, ಅಷ್ಟೇ, ದೂರಕ್ಕೆ ಅದೊಂದೇ ಕೇಳಿಸೋದು, ಮೇಲಿಂದೆಲ್ಲ ಗಾಳಿ ತಗೊಂಡು ಹೋಗ್ತಿತ್ತು. ಹಾಗಾದರೆ ಅಷ್ಟೇ, ಕಳ್ಳನ ಬಳಿಯೂ ಎರಡೇ, ಹೆಂಡತಿಯ ಬಳಿಯೂ ಎರಡೇ.

ನಾಳೆ ಹೆಬ್ಬೆರಳು ಮಾತ್ರ ನುಡಿಸು ಅತ್ತಿಗೆ, ಮೇಲೆ ನಾವೆಲ್ಲ ಬಾಯಲ್ಲಿ ಹಾಡ್ತೀವಿ, ಯಾರಿಗೂ ಏನೂ ಅನ್ಸಲ್ಲ, ಅವನ ದನಿಯಲ್ಲಿ ಹಗುರವಿತ್ತು, ಅವಳು ಬಟ್ಟಲಿಗೆ ಕಾಫಿ ಬಗ್ಗಿಸಿ ಕೊಟ್ಟಳು, ತಣ್ಣಗಿದೆ, ಇರ್ಲಿ ಬಿಡು, ಕುಡಿದು ತುಟಿ ಒರೆಸಿಕೊಂಡು ಹುಲ್ಲುಗಾವಲು ನೋಡುತ್ತ ಅವನೇ ಮುಂದುವರಿಸಿದ, ಅವನು ಹೋದ ದಿನ ನಾನಿಲ್ಲಿ ಇರೋ ಹಾಗೇ ಇರ್ಲಿಲ್ಲ ಅತ್ತಿಗೆ, ಹಿಲೋಗೆ ದನ ತಗೊಂಡು ಹೋಗ್ಬೇಕಿತ್ತು, ಹಿಂದಿನ ಸಂಜೆ ಪಿಲಿಪೊನ ಹಾಸಿಗೆ ಪಕ್ಕ ಕೂತು ಹೇಳ್ಹೋಗಿದ್ದೆ, ಮೂರು ದಿನ ಬರಲ್ಲ ಕಣೋ, ಅಷ್ಟರಲ್ಲಿ ಸಾಯ್ಬೇಡ ಅಂತ, ನಕ್ಕಿದ್ದ, ಬೆಳಿಗ್ಗೆ ನೋಡಿದ್ರೆ ಸೇತುವೆ ಮೇಲೆ ನೀರು ಹತ್ತಿದೆ, ವಾಪಸ್ ಬಂದೆ, ಸದ್ಯ, ಮುಖ ನೋಡೋದಕ್ಕಾಯ್ತು. ಹೂಂ ಅಂದಳು. ಸದ್ಯ ಅಂದಳು. ಅವನು ಎದ್ದ, ಗಂಟನ್ನು ಬೆಕ್ಕಿಗೆ ಎಟುಕದ ಹಾಗೆ ಇಡು ಅಂದ, ಲಾರಿ ಕೆಮ್ಮುತ್ತಾ ಇಳಿಯಿತು, ಇಳಿಯುತ್ತಾ ಹೋಯಿತು, ಅವಳ ಹೆಬ್ಬೆರಳು ಹೊರಟಿತು ಧೋಂ ಧಿಂ ಧೋಂ ಧಿಂ, ಮೂರು ದಿನ ಬರಲ್ಲ ಕಣೋ, ಧೋಂ, ಹಾಗಾದರೆ ಪಿಲಿಪೊನಿಗೆ ಗೊತ್ತಿತ್ತು, ಧಿಂ, ಕವೀಕ ಬರುವುದಿಲ್ಲ ಅಂತ ಗೊತ್ತಿತ್ತು, ಯಾರೂ ಬರುವುದಿಲ್ಲ ಅಂತ ಗೊತ್ತಿತ್ತು — ಆ ಬೆಳಿಗ್ಗೆ ಏನು ಮೊದಲು, ಅವನ ಮಾತು ಮೊದಲೋ ಕವೀಕನ ಲಾರಿ ಮೊದಲೋ, ಇಷ್ಟು ದಿನ ಲಾರಿ ಮೊದಲು ಅಂದುಕೊಂಡಿದ್ದಳು, ಲಾರಿಯ ಸದ್ದು ಕೇಳಿ ಅವನು ಗಾಬರಿಯಾಗಿ ಹೇಳಿದ, ಅವಳು ಓಡಿದಳು, ಹಾಗೆ ಅಂದುಕೊಂಡಿದ್ದಳು, ಅಲ್ಲ. ಕೋಳಿಗೂಡಿನಿಂದ ಬಂದಳು, ಮಡಿಲಲ್ಲಿ ನಾಲ್ಕು ಮೊಟ್ಟೆ, ಎರಡು ದಿನದಿಂದ ಏಳದವನ ಕಂಬಳಿ ಸರಿದಿತ್ತು, ಪಾದದ ಮೇಲೆ ಜಗಲಿಯ ಕೆಸರು, ಎದ್ದಿದ್ದೆಯಾ ಅಂದಳು, ಉಸಿರು ಹತ್ತಿ ಹತ್ತಿ ಅಂದ, ಮೋಮಿ, ತಂತಿ ಸಡಿಲಿಸಿಲ್ಲ. ಮೊಟ್ಟೆಗಳನ್ನು ಒಂದೊಂದಾಗಿ ಬುಟ್ಟಿಗೆ ಇಟ್ಟಳು, ನಾಲ್ಕೂ ಇಟ್ಟಳು, ಕೈ ಒರೆಸಿಕೊಂಡಳು, ಆಗ, ಆಗ ಕೇಳಿಸಿತು ಲಾರಿ, ಏರಿನಲ್ಲಿ ಕೆಮ್ಮುತ್ತಾ, ಅಯ್ಯೋ ಕವೀಕ ಬಂದ, ನೀನು ಮಲಕ್ಕೊ ನಾನು ನೋಡ್ಕೊತೀನಿ ಅಂತ ಓಡಿದಳು, ಬೆನ್ನ ಹಿಂದೆ ಅವನು ಏನೋ ಅನ್ನಲು ಹೋದ, ಕೆಮ್ಮು ಬಂತು, ಇವಳು ಜಗಲಿಯಲ್ಲಿ ಆಗಲೇ ಬಿರಡೆ ಹಿಡಿದಿದ್ದಳು, ದಪ್ಪದ್ದು ಮೊದಲು, ಕಿರ್, ತಂತಿ ಸತ್ತ ಹಾವಿನ ಹಾಗೆ ಜೋತಿತು, ಎರಡು, ಮೂರು, ಬೇಗ ಬೇಗ, ಒಂದನ್ನೂ ಮೀಟಿ ನೋಡಲಿಲ್ಲ, ಒಂದು ಸಲ, ಒಂದೇ ಒಂದು ಸಲ ಬೆರಳು ಎಳೆದಿದ್ದರೆ ಆರೂ ಹೇಳುತ್ತಿದ್ದವು, ಆರನೆಯದರ ಹೊತ್ತಿಗೆ ಲಾರಿ ಬಾಗಿಲಲ್ಲಿ, ಒಳಗೆ ಹೋಗಿ ಪುಡಿ ಮೆತ್ತಿದ ಬೆರಳು ತೋರಿಸಿ ಹೆಮ್ಮೆಯಿಂದ ಅಂದಳು, ಸಡಿಲಿಸ್ದೆ, ಏನೂ ಚಿಂತೆ ಮಾಡ್ಬೇಡ. ಅವನು ಬೆರಳುಗಳನ್ನೇ ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಆ ಕೈಯನ್ನೇ ಎಳೆದುಕೊಂಡು ಕೆನ್ನೆಯ ಕೆಳಗಿಟ್ಟುಕೊಂಡ, ಸಮಾಧಾನವಾಯಿತು ಅಂದುಕೊಂಡಳು, ವರ್ಷವಿಡೀ ಹಾಗೇ ಅಂದುಕೊಂಡಿದ್ದಳು, ಧೋಂ, ನುಡಿಸಿ ಸುಸ್ತಾಗಿ ಸಡಿಲಿಸಲು ಮರೆತ ಅಂದುಕೊಂಡಿದ್ದಳು, ನಲವತ್ತೊಂದು ವರ್ಷ ಮರೆಯದವನು, ಕುಡಿದಾಗಲೂ ಮರೆಯದವನು, ಧಿಂ, ಅಷ್ಟಕ್ಕೂ ನುಡಿಸಿದ್ದು ಯಾರು ಕೇಳಿದರು, ಕೋಳಿಗೂಡಿನಲ್ಲಿ ಅವಳಿಗೆ ಏನೂ ಕೇಳಿಸಿರಲಿಲ್ಲ, ಆ ಬೆಳಿಗ್ಗೆ ದಪ್ಪ ತಂತಿಯ ಸದ್ದು ಕೂಡ ಕೇಳಿಸಿರಲಿಲ್ಲ, ಶ್ರುತಿ ಮಾಡಿ ಇಟ್ಟಿದ್ದ, ನುಡಿಸಲಿಲ್ಲ, ಶ್ರುತಿ ಮಾಡಿ, ಅಷ್ಟೇ, ಕೆಸರಿನಲ್ಲಿ ಬರಿಗಾಲಲ್ಲಿ ಬಂದು ಇಟ್ಟಿದ್ದ, ಎಲ್ಲಿ ಇಟ್ಟಿದ್ದ, ಹೆಬ್ಬೆರಳು ನಿಂತಿತು. ತೊಗಲಿನ ಕುರ್ಚಿಯ ಮೇಲಲ್ಲ. ಅಲ್ಲ. ಬಗ್ಗಿ ಬಿರಡೆ ಹಿಡಿದಾಗ ಅವಳ ಮೊಣಕೈ ಒತ್ತಿದ್ದು ಮೆತ್ತಗಿತ್ತು, ಹಸಿರಾಗಿತ್ತು, ಅವಳ ಕುರ್ಚಿ, ಅವಳ ದಿಂಬಿನ ಮೇಲೆ, ಅವಳಿಗೇ ಅಂತ, ಬಿಗಿಯಾದ ಆರು ತಂತಿ, ಮೇಲೆ ಮಳೆಯ ಹನಿ, ಒಂದೊಂದರ ಮೇಲೂ, ಆರು ಬಿರಡೆ, ಅವಳ ಬೆರಳು, ಕಿರ್