ಗಾಜಿನ ಪೆಟ್ಟಿಗೆಗೆ ಒಂದು ರಣಹದ್ದು

ಸತ್ತ ಹಕ್ಕಿಗಳಿಗೆ ಹತ್ತಿ ತುಂಬಿ, ಗಾಜಿನ ಕಣ್ಣಿಟ್ಟು, ಬದುಕಿದಂತೆ ನಿಲ್ಲಿಸುವುದು ಮಾವನ ಕಸುಬು. ಅಳಿಯ ಗಣಿ ಕಂಪನಿಯಲ್ಲಿ ಮ್ಯಾನೇಜರ್. ನಡುವೆ ಮಗಳೊಬ್ಬಳಿದ್ದಳು ಅನ್ನುವ ಕಾರಣಕ್ಕೆ ಇಬ್ಬರ ಮಾತುಕತೆ ಹೇಗೋ ಉಳಿದುಕೊಂಡಿತ್ತು.

ಆ ಬೆಳಿಗ್ಗೆ ಅಳಿಯ ಗೋಣಿಚೀಲವೊಂದನ್ನು ತಂದು ಮೇಜಿನ ಮೇಲೆ ಸುರಿದ. ರಣಹದ್ದು! ಗುಡ್ಡದ ಬಂಡೆಯಲ್ಲಿ ಗೂಡು ಕಟ್ಟಿದ್ದ, ಆ ಸೀಮೆಯಲ್ಲಿ ಉಳಿದಿದ್ದ ಕೊನೆಯ ಹೆಣ್ಣು. ಅದರ ಸಂತಾನ ಇರುವ ತನಕ ಗುಡ್ಡಕ್ಕೆ ಸಿಡಿಮದ್ದು ಇಡಕೂಡದೆಂದು ಕೋರ್ಟು ಹೇಳಿತ್ತು.

“ತಾನಾಗೇ ಬಿದ್ದು ಸತ್ತಿತ್ತು ಮಾವ. ಆಫೀಸಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತೀವಿ. ಪರಿಸರಾನೂ ಬೇಕು, ಉದ್ಯಮಾನೂ ಬೇಕು, ನೋಡಿ.”

ಮಾವ ರೆಕ್ಕೆ ಸರಿಸಿದರು. ಎದೆಯಲ್ಲಿ ಗುಂಡಿನ ತೂತು. ತಾನಾಗೇ ಬಿತ್ತಂತೆ! ಎಂಥ ನಾಚಿಕೆಗೆಟ್ಟ ಬಾಯಿ! ಹೊಟ್ಟೆಯಡಿ ಪುಕ್ಕ ಉದುರಿ ಬರಿ ಚರ್ಮ ಕಾಣುತ್ತಿತ್ತು. ಕಾವಿಗೆ ಕೂತ ಹಕ್ಕಿಗೆ ಹಾಗಾಗುತ್ತದೆ.

“ಮೊಟ್ಟೆ ಎಲ್ಲಿ ಅಳಿಯಂದ್ರೇ?”

“ಅಬ್ಬಾ, ಪತ್ತೆ ಹಚ್ಚೇಬಿಟ್ರಲ್ಲ!” ಅಳಿಯ ಹಲ್ಲು ಕಿರಿಯುತ್ತ ಕರವಸ್ತ್ರದ ಗಂಟು ಬಿಚ್ಚಿದ. “ಇದನ್ನೂ ಪಕ್ಕದಲ್ಲಿಟ್ರೆ ಚೆಂದ ಕಾಣುತ್ತೆ. ಮಧ್ಯಾಹ್ನವೇ ಮದ್ದಿಡ್ತಾರೆ. ಅಷ್ಟರೊಳಗೆ ಗೂಡು ಖಾಲಿ ಅಂತ ತೋರಿಸ್ಬೇಕಿತ್ತು.”

ಮೊಟ್ಟೆ ಬೆಚ್ಚಗಿತ್ತು. ಮಾವ ಕಿವಿಗೆ ಹಿಡಿದರು. ಒಳಗಿನಿಂದ ಮರಿ ಕುಟ್ಟುತ್ತಿತ್ತು.

ಮೊಟ್ಟೆ ಕೆಡದಂತೆ ಇಡಬೇಕಾದರೆ ಸೂಜಿಯಿಂದ ತೂತು ಮಾಡಿ, ಬಾಯಿಟ್ಟು ಊದಿ, ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕಬೇಕು. ಮಾವ ಸೂಜಿಯನ್ನು ಅಳಿಯನ ಮೂಗಿನ ಮುಂದೆ ಹಿಡಿದರು. “ತಗೋ. ನೀನೇ ಊದು.”

“ಥೂ! ಅಸಹ್ಯ ಮಾವ!”

“ಓಹೋ, ನಿನಗೂ ಅಸಹ್ಯ ಅನ್ನೋದು ಆಗುತ್ತಾ?”

ಇವನಿಗೆ ಹೆಣ್ಣು ಕೊಟ್ಟ ಕೈಯನ್ನೇ ತಿಕ್ಕಿ ತೊಳೆಯಬೇಕೆನಿಸಿತು. ಕತ್ತು ಹಿಡಿದು ಹೊರಗೆ ದಬ್ಬಿ ಚಿಲಕ ಹಾಕಿದರು.

“ನನ್ನ ಕೆಲಸ ಹೋಗುತ್ತೆ! ನಿಮ್ಮ ಮಗಳು ಬೀದಿಗೆ ಬೀಳ್ತಾಳೆ!” ಅಳಿಯ ಬಾಗಿಲು ಬಡಿಯತೊಡಗಿದ.

ಅದು ಸುಳ್ಳೇನಲ್ಲ. ಮಾವ ಚರ್ಮ ಒಣಗಿಸುವ ದೀಪದ ಕೆಳಗೆ ಹತ್ತಿ ಹಾಸಿ ಮೊಟ್ಟೆ ಇಟ್ಟರು. ಅರಣ್ಯ ಇಲಾಖೆಗೆ ಫೋನ್ ಮಾಡಿ, ಗುಂಡು ತಿಂದ ಹಕ್ಕಿಯೂ ಜೀವಂತ ಮೊಟ್ಟೆಯೂ ತಮ್ಮಲ್ಲಿವೆ, ಮದ್ದಿಡುವುದನ್ನು ನಿಲ್ಲಿಸಿ ಎಂದರು. ಆಮೇಲೆ ಮಗಳಿಗೆ ಮಾಡಿದರು.

“ನಿನ್ನ ಅನ್ನಕ್ಕೆ ಕಲ್ಲು ಹಾಕ್ಬಿಟ್ಟೆ ಮಗಳೇ. ಎಷ್ಟು ಬೇಕೋ ಅಷ್ಟು ಬೈಯಿ.” ನಡೆದದ್ದನ್ನೆಲ್ಲ ಹೇಳಿದರು.

ಮಗಳು ಬೈಯಲಿಲ್ಲ.

“ಇಲಾಖೆಯವರಿಗೆ ಮತ್ತೆ ಫೋನ್ ಮಾಡಿ, ನಾನು ಹೇಳಿದ್ದು ಸುಳ್ಳು ಅನ್ನಿ ಅಪ್ಪಾ,” ಎಂದಳು ಮೆಲ್ಲಗೆ. “ನಮ್ಮನೆಯವ್ರು ಗುಂಡು ಹೊಡೆದಾಗ ನಾನೂ ಅಲ್ಲೇ ಇದ್ದೆ. ನಾನು ಬಾಯಿ ಮುಚ್ಕೊಂಡು ಸುಮ್ನಿಲ್ವಾ?”

ಮಾವನಿಗೆ ತಡೆಯಲಾಗಲಿಲ್ಲ. ಫೋನು ಬಿಟ್ಟು, ಕಸದ ಬುಟ್ಟಿಗೆ ಬಗ್ಗಿ ವಾಂತಿ ಮಾಡಿಕೊಂಡರು.