ಟಕ್ ಎನ್ನದ ಚಾಕು

ನಾನು ಒಂದು ಮಡಚುವ ಚಾಕು. ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ಅಲಗನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಸಾಣೆ ಹಿಡಿದು ಬೀಟೆಯ ಹಿಡಿಗೆ ಕೂರಿಸಿದರು. ತೆರೆದ ಅಲಗನ್ನು ಬಿಗಿಯಾಗಿ ನಿಲ್ಲಿಸಬೇಕಾದ ಬೆನ್ನಿನ ಸ್ಪ್ರಿಂಗ್ ಮಾತ್ರ ಹದವಾಗಲಿಲ್ಲ.

ಅದನ್ನು ಮೊದಲು ಕಂಡವಳು ತಪಾಸಣೆ ಮೇಜಿನ ನೀಲಗಂಗವ್ವ. ಅವಳು ನನ್ನ ಧಾರೆಯನ್ನು ಬೆಳಕಿಗೆ ಹಿಡಿದಳು. ಮೊಂಡಾದ ಕಡೆ ಬೆಳಕು ಚುಕ್ಕೆಯಾಗಿ ಮಿನುಗುತ್ತದೆ. ನನ್ನಲ್ಲಿ ಒಂದೂ ಮಿನುಗಲಿಲ್ಲ. ಉಗುರಿನ ಮೇಲೆ ಮೆಲ್ಲಗೆ ಎಳೆದಳು, ಎಲ್ಲೂ ತಡೆಯಲಿಲ್ಲ. ನಾನು ಹಿಗ್ಗಿದೆ. ಆಮೇಲೆ ಕಿವಿಯ ಹತ್ತಿರ ಹಿಡಿದು ತೆರೆದಳು, ಮುಚ್ಚಿದಳು. ಒಳ್ಳೆಯ ಚಾಕು ಟಕ್ ಎನ್ನಬೇಕು. ನಾನು ಏನೂ ಅನ್ನಲಿಲ್ಲ.

"ಇದು ಬ್ಯಾಡ್ರೀ ಸಾಹೇಬ್ರ," ಎಂದು ಸುಪರ್‌ವೈಜರ್‌ಗೆ ಹೇಳಿದಳು. "ಸ್ಪ್ರಿಂಗ್ ಸತ್ತೈತಿ. ಕೈಯಾಗ ಮಡಚಿಕೊಂತೈತಿ."

"ಧಾರಿ ಹೆಂಗೈತಿ?"

"ಧಾರಿ ಭಾಳ ಚಲೋ ಐತ್ರಿ. ಅದಕ್ಕ ಅಂಜಿಕಿ."

"ಗಿರಾಕಿ ನೋಡೂದು ಧಾರಿನ. ಇವತ್ತ ಮಾಲ್ ಹೋಗಬೇಕು," ಎಂದು ಅವನು ನನ್ನನ್ನು ಬೇಡವಾದವುಗಳ ತಟ್ಟೆಯಿಂದ ಎತ್ತಿ ಡಬ್ಬಿಗೆ ಹಾಕಿದ. ನೀಲಗಂಗವ್ವ ಮುಂದಿನ ಚಾಕುವನ್ನು ಕೈಗೆತ್ತಿಕೊಂಡಳು. ಅವಳಾದರೂ ಏನು ಮಾಡಿಯಾಳು?

ನರಗುಂದದ ಅಂಗಡಿಯಲ್ಲಿ ನನ್ನನ್ನು ಕೊಂಡವನು ಸನಾದಿ ನುಡಿಸುವ ಹುಲಗಪ್ಪ ಭಜಂತ್ರಿ. ಸನಾದಿಯ ಬಾಯಿಗೆ ಸಿಕ್ಕಿಸುವ ಜೊಂಡಿನ ಪೀಪಿಯನ್ನು ಹೆರೆಯಲು ನಯವಾದ ಧಾರೆ ಬೇಕು. ಕೂದಲೆಳೆಯಷ್ಟು ಹೆಚ್ಚು ಹೋದರೂ ಸ್ವರ ಒಡೆಯುತ್ತದೆ. ಅವನು ಹೆಬ್ಬೆರಳಿನಿಂದ ಧಾರೆ ನೋಡಿ ಒಪ್ಪಿದ. ಎಷ್ಟು ಸಣ್ಣ ಅಪಸ್ವರವನ್ನೂ ಹಿಡಿಯುವ ಕಿವಿ ಅವನದು. ಅಂದು ರಸ್ತೆಯ ಗದ್ದಲದಲ್ಲಿ ಆ ಕಿವಿಗೆ ನನ್ನ ಮೌನ ಕೇಳಿಸಲಿಲ್ಲ.

ಎರಡು ವರ್ಷ ಅವನ ಅಂಗಿಯ ಜೇಬಿನಲ್ಲಿ ಮದುವೆಯಿಂದ ಮದುವೆಗೆ ತಿರುಗಿದೆ. ನಾನು ಹೆರೆದ ಪೀಪಿಗಳು ಹಾಡಿದವು. ಅವನ ಹೆಂಡತಿ ದುರಗವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ.

"ಅದು ಅಳ್ಳಾಡಾಕತ್ತೈತಿ. ಬ್ಯಾರೆದು ತಗೋರಿ."

"ಇಂಥಾ ಧಾರಿ ಎಲ್ಲಿ ಸಿಗತೈತಿ, ಹುಚ್ಚಿ!"

ಒಂದು ಸಲ ರೇಡಿಯೊದಲ್ಲಿ ನುಡಿಸಲು ಅವನಿಗೆ ಕರೆ ಬಂತು. ಇನ್ನು ಎರಡೇ ದಿನ ಇತ್ತು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಹೊಸ ಪೀಪಿಯ ಬಾಯಿ ಬಿಡಿಸಲು ನನ್ನ ತುದಿಯನ್ನು ಒತ್ತಿದ. ಬೆನ್ನಿನ ಸ್ಪ್ರಿಂಗ್ ಕೈಬಿಟ್ಟಿತು. ನಿಲ್ಲಬೇಕೆಂದರೂ ನಿಲ್ಲಲಾಗಲಿಲ್ಲ, ಅವನ ಬಲಗೈಯ ತೋರುಬೆರಳಿನ ಮೇಲೆ ಮಡಚಿಕೊಂಡೆ. ಎಷ್ಟು ಹರಿತವಾಗಿದ್ದೆನೆಂದರೆ, ರಕ್ತ ಕಂಡ ಮೇಲೆಯೇ ಅವನು ಕೂಗಿದ್ದು.

ಬೆರಳು ಉಳಿಯಿತು. ಆದರೆ ಒಳಗಿನ ನರ ಕಡಿದಿತ್ತು. ಇನ್ನು ಮಡಚುವುದಿಲ್ಲವೆಂದರು ಡಾಕ್ಟರು. ರೇಡಿಯೊಗೆ ಹುಲಗಪ್ಪನ ತಮ್ಮ ಮಾರುತಿ ಹೋದ.

ದುರಗವ್ವ ನನ್ನನ್ನು ತಿಪ್ಪೆಗೆ ಎಸೆದಳು. ಹುಲಗಪ್ಪ ಹುಡುಕಿ ತಂದು, ಸಾಣೆ ಹಿಡಿಯುವ ಮೌಲಾಸಾಬನಿಗೆ ತೋರಿಸಿದ. ಅವನು ಎರಡು ಸಲ ತೆರೆದು ಮುಚ್ಚಿದ.

"ಹುಟ್ಟಿದಾಗಿನ ದ್ವಾಷ ಇದು. ನಿಂದೇನ್ ತಪ್ಪಿಲ್ಲೋ ಮಾರಾಯಾ."

"ಹಂಗಾರ ಯಾರದು?"

ಮೌಲಾಸಾಬ ತಂತಿಯ ಸುರುಳಿ ಕೈಗೆತ್ತಿಕೊಂಡ. ನಾನು ಇನ್ನೆಂದೂ ಮುಚ್ಚದ ಹಾಗೆ ಕೀಲಿಗೆ ತಂತಿ ಸುತ್ತಿ ಕೊಟ್ಟ.

ಈಗ ಮದುವೆಗಳಲ್ಲಿ ಮಾರುತಿ ಮುಂದೆ ಕೂತು ನುಡಿಸುತ್ತಾನೆ. ಹುಲಗಪ್ಪ ಹಿಂದೆ ಕೂತು ಶ್ರುತಿ ಹಿಡಿಯುತ್ತಾನೆ. ಒಂದೇ ಸ್ವರ, ತಾಸುಗಟ್ಟಲೆ. ಅದಕ್ಕೆ ಬೆರಳು ಬೇಕಿಲ್ಲ.

ನನಗೆ ತುಕ್ಕು ಹತ್ತಿದೆ. ಧಾರೆ ಮಾತ್ರ ಹಾಗೆಯೇ ಇದೆ. ನನ್ನನ್ನು ಹೊಗಳಿದವರೆಲ್ಲ ಅದನ್ನೇ ಹೊಗಳಿದರು. ಹೊಗಳಿಕೆ ಕೇಳಿದಾಗಲೆಲ್ಲ ಬಾಯಿದ್ದಿದ್ದರೆ ಬೆನ್ನಿನ ಮಾತನ್ನೂ ಹೇಳುತ್ತಿದ್ದೆ ಎಂದುಕೊಳ್ಳುತ್ತೇನೆ. ಮೊನ್ನೆ ಮಾರುತಿ ಬಂದು, "ಯಣ್ಣಾ, ನಿನ್ನಂಗ ನನಗ ಬರೂದಿಲ್ಲ, ಒಂದು ಪೀಪಿ ಹೆರದು ಕೊಡು," ಅಂದ. ಹುಲಗಪ್ಪ ಗೂಡಿನಿಂದ ನನ್ನನ್ನು ತೆಗೆದು, ಎಡಗೈಯಲ್ಲಿ ಹಿಡಿದು ನಿಧಾನವಾಗಿ ಹೆರೆದ. ಪರೀಕ್ಷೆಗೆಂದು ಸನಾದಿಗೆ ಸಿಕ್ಕಿಸಿ ಊದಿದ. ಎಂಥ ಸ್ವರ! ಮೈಮರೆತು ಬೆರಳುಗಳನ್ನು ಆಡಿಸಿದ. ಒಂದು ತೂತು ಮುಚ್ಚಲಿಲ್ಲ. ಗಾಳಿ ಸೋರಿತು.

ಪೀಪಿಯನ್ನು ಅಂಗಿಯಂಚಿನಿಂದ ಒರೆಸಿ, ಸನಾದಿಯನ್ನು ತಮ್ಮನ ಕೈಗಿಟ್ಟ.