ಮಾತ್ರೆ ಹಂಚಿಕೊಂಡ ಬೀದಿ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಮುಚ್ಚಿದ ಬಿಸ್ಕತ್ತು ಕಾರ್ಖಾನೆಯ ಮೆಟ್ಟಿಲ ಮೇಲೆ ಡ್ರೈವರಣ್ಣ ನೀರಿನ ಕ್ಯಾನು ಕೆಳಗಿಟ್ಟು ಕುಳಿತುಬಿಟ್ಟರು.

ಹೊಳೆ ಉಕ್ಕಿ ಅವರ ಬೀದಿ ಮುಳುಗಿ ಅಂದಿಗೆ ಹತ್ತೊಂಬತ್ತು ದಿನ. ಮೂವತ್ತೊಂದು ಮನೆಯವರು ಆ ಕಾರ್ಖಾನೆಯ ಎರಡು ಮಹಡಿಗಳಲ್ಲಿ ಸಂಸಾರ ಹೂಡಿದ್ದರು. ಒಂದು ಸಂಸಾರಕ್ಕೂ ಇನ್ನೊಂದಕ್ಕೂ ನಡುವೆ ರಟ್ಟಿನ ಗೋಡೆ. ಯಂತ್ರ ಇದ್ದ ಜಾಗದಲ್ಲಿ ಅಡುಗೆ. ನಲ್ಲಿ ಇದ್ದದ್ದು ಕೆಳಗಿನ ಅಂಗಳದಲ್ಲಿ ಮಾತ್ರ.

"ಏನಾಯ್ತ್ರೀ?" ಅಂದರು ಅವರ ಹೆಂಡತಿ.

"ಗ್ಯಾಸು ಕಣೇ. ರಾತ್ರಿ ಊಟ ತಡ ಆಯ್ತಲ್ಲ."

"ಮುಖವೆಲ್ಲಾ ಬೆವರ್ತಾ ಇದೆ."

"ನೀರು ಹೊತ್ರೆ ಬೆವರದೆ ಇನ್ನೇನು? ಇಪ್ಪತ್ತೊಂಬತ್ತು ವರ್ಷ ಬಸ್ ಓಡ್ಸಿದೀನಿ, ಒಂದ್ಸಲನೂ ನಡುದಾರೀಲಿ ನಿಲ್ಸಿಲ್ಲ. ಈಗ ಮೆಟ್ಲಲ್ಲಿ ನಿಲ್ಸ್ತೀನಾ?"

ಹಿಂದೆ ಕ್ಯಾನು ಹಿಡಿದು ನಿಂತಿದ್ದ ಬಡಗಿ ಮಾವ ಸುಮ್ಮನಿರಲಿಲ್ಲ. "ಬಸ್ ಕೆಟ್ಟು ನಿಂತಿದೆ, ತಳ್ಳೋಕೆ ಬನ್ರಪ್ಪೋ!" ಎಂದು ಕೂಗಿದರು. ನಾಲ್ಕು ಜನ ನಕ್ಕರು. ಡ್ರೈವರಣ್ಣ ನಗಲಿಲ್ಲ. ಎಡಗೈಯನ್ನು ಬಲಗೈಯಿಂದ ಅಮುಕಿ ಹಿಡಿದುಕೊಂಡಿದ್ದರು.

ಗದ್ದಲ ಕೇಳಿ ಅವರ ತಂಗಿ ಟೈಲರಮ್ಮ ಮೇಲಿನಿಂದ ಓಡಿ ಬಂದರು. ಆ ಬೀದಿಗೆ ಒಂದು ಹೆಮ್ಮೆ ಇತ್ತು. ಆ ಹೆಮ್ಮೆಯ ಹಿಂದೆ ಇದ್ದವರು ಈ ಟೈಲರಮ್ಮನೇ. ಪ್ರವಾಹದಲ್ಲಿ ಅವರ ಬೀದಿಯ ಒಂದು ಜೀವವೂ ಹೋಗಿರಲಿಲ್ಲ. ಹತ್ತೊಂಬತ್ತು ದಿನಗಳಲ್ಲಿ ನಲ್ಲಿಯ ಸಾಲಿನಲ್ಲಿ ಒಂದು ಜಗಳವೂ ಆಗಿರಲಿಲ್ಲ. ಕಂಬಳಿ, ಸೋಪು, ಹಾಲಿನ ಪುಡಿ, ಏನು ಬಂದರೂ ಟೈಲರಮ್ಮನ ಕೈಗೆ ಹೋಗುತ್ತಿತ್ತು. ಬಟ್ಟೆ ಅಳೆದ ಹಾಗೆ ಅಳೆದು ಎಲ್ಲರಿಗೂ ಸಮ ಹಂಚುತ್ತಿದ್ದರು. ಬೇರೆ ಶಿಬಿರದವರು ನೋಡಿ ಕಲಿಯಲು ಬಂದು ಹೋಗಿದ್ದರು.

ಟೈಲರಮ್ಮ ಅಣ್ಣನ ಮುಖ ನೋಡಿದವರೇ ಹಿಂದಿರುಗಿ ಮೇಲೆ ಹತ್ತಿದರು. ಒಂದು ಬಿಸ್ಕತ್ತಿನ ಡಬ್ಬಿಯ ಸಮೇತ ಇಳಿದರು. ಅದರ ತುಂಬ, ಹಿಂದಿನ ಸಂಜೆ ಯಾರೋ ದಾನ ಕೊಟ್ಟು ಹೋಗಿದ್ದ, ಇನ್ನೂ ಹಂಚದ ಬಿಡಿಬಿಡಿ ಮಾತ್ರೆಗಳು.

"ತಗೋ ಅಣ್ಣ, ಬಿಪಿದು ಯಾವ್ದಾದ್ರೂ ಒಂದು ನುಂಗು."

"ಯಾವ್ದಾದ್ರೂ ಒಂದಾ?" ಎಂದು ಹಿಂದಿನಿಂದ ಕೇಳಿದವರು ನರ್ಸಕ್ಕ. ಶಿಬಿರಕ್ಕೆ ನೇಮಕವಾಗಿ ಬಂದು ಎರಡೇ ದಿನವಾಗಿತ್ತು. ಕಾವಲುಗಾರನ ಕೋಣೆಯಲ್ಲಿ ಇದ್ದರು. "ಏನನ್ನೂ ಕೊಡ್ಬೇಡಿ. ನಡೆಸ್ಲೂಬೇಡಿ. ಅಣ್ಣಾ, ಎಲ್ಲಿ ನೋವು?"

"ನೋವಲ್ಲ. ಎದೆ ಮೇಲೆ ಯಾರೋ ಕೂತ ಹಾಗೆ. ದವಡೆ ಒಂಚೂರು ಜುಮ್ ಅಂತಿದೆ. ಸೋಡಾ ಕುಡಿದ್ರೆ ಹೋಗುತ್ತೆ."

"ಎಷ್ಟು ಹೊತ್ತಾಯ್ತು?"

"ಈಗ ತಾನೇ."

"ಸುಳ್ಳು," ಅಂದರು ಹೆಂಡತಿ. "ಐದೂವರೆಯಿಂದ ಎದೆ ಉಜ್ಜಿಕೊಳ್ತಾ ಇದ್ದಾರೆ."

ನರ್ಸಕ್ಕ ಆಂಬುಲೆನ್ಸ್ ಕರೆದರು. ವೈದ್ಯರನ್ನು ಫೋನಿನಲ್ಲಿ ಕೇಳಿ, ಅವರು ಹೇಳಿದ ಮಾತ್ರೆಯನ್ನು ತಮ್ಮ ಪೆಟ್ಟಿಗೆಯಿಂದ ತೆಗೆದು ಅಗಿಯಲು ಕೊಟ್ಟರು. ಡ್ರೈವರಣ್ಣ ಎದ್ದು ನಡೆಯುತ್ತೇನೆ ಎಂದು ಹಟ ಹಿಡಿದರು. ಬಡಗಿ ಮಾವ ಓಡಿ ಹೋಗಿ ಕುರ್ಚಿ ತಂದರು. ನಾಲ್ವರು ಅವರನ್ನು ಕುರ್ಚಿ ಸಮೇತ ಎತ್ತಿ ಇಳಿಸಿದರು. ಆರೂ ಮೂವತ್ತೊಂದಕ್ಕೆ ಆಂಬುಲೆನ್ಸ್ ಬಂತು. ಆರೂ ಐವತ್ತೆರಡಕ್ಕೆ ಆಸ್ಪತ್ರೆ.

ಅಲ್ಲಿ ಇಸಿಜಿ ತೆಗೆದ ವೈದ್ಯೆ ಕೇಳಿದರು: "ಮೊದಲು ಹೃದಯಕ್ಕೆ, ಬಿಪಿಗೆ ಮಾತ್ರೆ ತಗೊಳ್ತಿದ್ರಾ? ಕೊನೇದು ಯಾವಾಗ ತಗೊಂಡ್ರಿ?"

"ಮೂರು ವರ್ಷದಿಂದ ತಗೋತಿದೀನಿ. ದಿನಾ, ತಪ್ಪದೆ," ಅಂದರು ಡ್ರೈವರಣ್ಣ.

ಜೊತೆಗೆ ಬಂದಿದ್ದ ಟೈಲರಮ್ಮ ಅಣ್ಣನನ್ನು ನೋಡಿದರು. ಅವರು ತಂಗಿಯತ್ತ ತಿರುಗದೆ ಚಾವಣಿ ನೋಡುತ್ತಿದ್ದರು. ತಂಗಿಯ ಮರ್ಯಾದೆ ಉಳಿಸಲು ಅಣ್ಣ ಈ ಮಾತು ಆಡಿದ್ದು ಎಂದು ಟೈಲರಮ್ಮನಿಗೆ ಗೊತ್ತಿತ್ತು.

"ಇಲ್ಲ ಡಾಕ್ಟ್ರೇ," ಅಂದರು. "ಹದಿನಾಲ್ಕು ದಿನದಿಂದ ತಗೊಂಡಿಲ್ಲ. ನೀರು ಬಂದಾಗ ಮಾತ್ರೆ ಹಿಡ್ಕೊಂಡು ಓಡಿದ್ದು ಇವರೊಬ್ಬರೇ. ಮೂವತ್ತಿತ್ತು. ಬಿಪಿ ಇದ್ದವರು ಆರು ಜನ. ತಲೆಗೆ ಐದರಂತೆ ನಾನೇ ಹಂಚಿದೆ. ಒಬ್ರು ತಿಂದು ಐವರು ಉಪವಾಸ ಇರೋದು ಯಾವ ನ್ಯಾಯ ಅಂತ..."

"ಕೇಳಿದ್ದಕ್ಕೆ ನಾನೇ ಕೊಟ್ಟಿದ್ದು. ಅವಳದೇನೂ ತಪ್ಪಿಲ್ಲ," ಅಂದರು ಮಂಚದ ಮೇಲಿಂದ ಡ್ರೈವರಣ್ಣ.

ವೈದ್ಯೆ ಬಯ್ಯಲಿಲ್ಲ. ಬರೆದುಕೊಂಡರು. "ಹೇಳಿದ್ದು ಒಳ್ಳೇದಾಯ್ತು. ಇದನ್ನ ತಿಳ್ಕೊಂಡೇ ಮುಂದಿನ ಔಷಧಿ ನಿರ್ಧಾರ ಮಾಡ್ಬೇಕು," ಎಂದರು. ಹೃದಯದ ರಕ್ತನಾಳದ ತಡೆ ಎಂಟು ಗಂಟೆಯ ಹೊತ್ತಿಗೆ ತೆರವಾಗಿತ್ತು. ಡ್ರೈವರಣ್ಣ ಬದುಕಿದರು.

ಅಂದು ಸಂಜೆ ಟೈಲರಮ್ಮ ಎಲ್ಲರನ್ನೂ ಪ್ಯಾಕಿಂಗ್ ಹಾಲ್‌ನಲ್ಲಿ ಕೂರಿಸಿ, ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ, ಹಂಚಿದ್ದು ತಪ್ಪಾಯಿತು ಎಂದರು. ಬಡಗಿ ಮಾವ ಅಲ್ಲೇ ಇದ್ದ ನರ್ಸಕ್ಕನ ಕಡೆ ತಿರುಗಿದರು.

"ಅಲ್ಲ ನರ್ಸಕ್ಕ, ಇಷ್ಟು ದಿನ ಹಂಚಿಕೊಂಡೇ ಬದುಕಿದ್ವಿ. ಈಗ ಅದೇ ತಪ್ಪು ಅಂದ್ರೆ ಹೇಗೆ?"

"ನಿಮ್ಗೆ ಉಬ್ಬಸ ಇದೆ ಅಲ್ವಾ ಮಾವ? ಆ ಐದು ಮಾತ್ರೆ ತಿಂದ ಮೇಲೆ ಹೇಗಿತ್ತು?"

"ಉಸಿರು ಕಟ್ತಾ ಇತ್ತು. ಶಿಬಿರದ ಧೂಳು ಅಂದ್ಕೊಂಡೆ."

"ಧೂಳೂ ಇರಬಹುದು. ಆದ್ರೆ ಆ ಮಾತ್ರೆ ಹೃದಯದ ಬಡಿತ ನಿಧಾನ ಮಾಡೋದು. ಉಬ್ಬಸ ಇರೋರಿಗೆ ಅದು ಆಗಿಬರದೇ ಇರಬಹುದು. ಬಿಪಿಗೆ ಹತ್ತಾರು ತರದ ಮಾತ್ರೆ ಇದೆ. ಒಬ್ಬರದು ಇನ್ನೊಬ್ಬರಿಗೆ ಸರಿಹೋಗಲ್ಲ. ತಗೊಳ್ತಿದ್ದೋರು ಥಟ್ಟಂತ ನಿಲ್ಲಿಸಿದ್ರೂ ಅಪಾಯ. ನೀವು ಒಂದೇ ಕೆಲಸದಲ್ಲಿ ಎರಡೂ ಮಾಡಿದ್ರಿ."

"ಅಯ್ಯೋ!" ಅಂದಳು ಒಬ್ಬಾಕೆ. "ಆದ್ರೆ ನೀರು ಇಳಿದು ಎರಡು ವಾರ ಆಯ್ತಲ್ಲ. ಗಂಡಾಂತರ ಕಳೀತು ಅಂದ್ಕೊಂಡಿದ್ವಿ."

"ಹೊಳೆ ಇಳೀತು, ಹೃದಯಕ್ಕೆ ಅದು ಗೊತ್ತಿಲ್ಲ," ಅಂದರು ನರ್ಸಕ್ಕ. "ಮನೆ ಹೋದ ಚಿಂತೆ, ನಿದ್ದೆ ಇಲ್ಲ, ಪೊಟ್ಟಣದ ಉಪ್ಪಿನ ತಿಂಡಿ, ಬೀಡಿ ಜಾಸ್ತಿ, ಮಾತ್ರೆ ಇಲ್ಲ. ಬಿಪಿ ಏರೋಕೆ ಇನ್ನೇನು ಬೇಕು? ಪ್ರವಾಹ, ಭೂಕಂಪ, ಚಂಡಮಾರುತ ಆದ ಮೇಲೆ ವಾರಗಟ್ಟಲೆ, ಕೆಲವು ಕಡೆ ತಿಂಗಳುಗಟ್ಟಲೆ ಹೃದಯದ ತೊಂದರೆ ಹೆಚ್ಚಾಗಿದ್ದು ಕಂಡಿದೆ. ಹಂಚೋದನ್ನ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಇಂಥ ಬೀದಿ ನಾನು ನೋಡೇ ಇಲ್ಲ. ಮಾತ್ರೆ ಒಂದು ಬಿಟ್ಟು ಬೇರೆ ಎಲ್ಲಾ ಹಂಚಿಕೊಳ್ಳಿ. ಹೊರೆ ಹಂಚಿ. ಚಿಂತೆ ಹಂಚಿ. ಎದೆಬಿಗಿತ ಬಂದಾಗ ಗ್ಯಾಸು ಅಂತ ಒಬ್ಬರೇ ಕೂರಬೇಡಿ, ಅದನ್ನೂ ಪಕ್ಕದವರಿಗೆ ಹೇಳಿ."

"ಬೀಡಿನೂ ಹಂಚಬಾರ್ದಾ?" ಅಂದರು ಬಡಗಿ ಮಾವ.

"ಅದನ್ನ ಹಂಚೋಕೆ ನಿಮ್ಮತ್ರನೂ ಇರಬಾರ್ದು."

ಅಂದು ಮೊದಲ ಬಾರಿ ಹಾಲ್‌ನಲ್ಲಿ ನಗು ಕೇಳಿತು.

ಮಾರನೆಯ ದಿನ ಟೈಲರಮ್ಮ ಡಬ್ಬಿಯನ್ನು ನರ್ಸಕ್ಕನಿಗೆ ಒಪ್ಪಿಸಿದರು. ನೀರು ಇಳಿದ ಮೇಲೆ ಮನೆಯಿಂದ ತಂದು ಒರೆಸಿಟ್ಟಿದ್ದ ಹೊಲಿಗೆ ಯಂತ್ರವನ್ನು ಕಿಟಕಿಯ ಬಳಿ ಎಳೆದುಕೊಂಡರು. ಔಷಧಿ ಬೇಕಾದ ಪ್ರತಿಯೊಬ್ಬರಿಗೂ ಸೊಂಟಕ್ಕೆ ಕಟ್ಟುವ ಒಂದು ಬಟ್ಟೆ ಜೇಬು ಹೊಲಿದರು. ಅದರೊಳಗೆ ನೀರು ಹೋಗದ ಪ್ಲಾಸ್ಟಿಕ್ ಚೀಲ; ಚೀಲದೊಳಗೆ ಒಂದು ವಾರದ ಮಾತ್ರೆ ಮತ್ತು ಒಂದು ಚೀಟಿ. ಚೀಟಿಯಲ್ಲಿ ಹೆಸರು, ಕಾಯಿಲೆ, ಮಾತ್ರೆಯ ಹೆಸರು, ಎಷ್ಟು, ಯಾವ ಹೊತ್ತಿಗೆ. ಮಾತ್ರೆಗಳನ್ನು ನರ್ಸಕ್ಕ ಆಸ್ಪತ್ರೆಯಿಂದ ಅವರವರ ಹೆಸರಿಗೇ ತರಿಸಿದರು.

ಬಿಪಿ ನೋಡುವ ದಿನ ಎಪ್ಪತ್ನಾಲ್ಕು ಮಂದಿ ದೊಡ್ಡವರು ಸಾಲಾಗಿ ನಿಂತರು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಒಂಬತ್ತು ಜನರಿಗೆ ಬಿಪಿ ಹೆಚ್ಚಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ. ಅವರಲ್ಲಿ ಟೈಲರಮ್ಮನೂ ಒಬ್ಬರು.

"ಅಳೆಯೋಳನ್ನೇ ಅಳೆದ್ರಲ್ಲ!" ಅಂದರು ಬಡಗಿ ಮಾವ.

"ಸುಮ್ನಿರಿ ಮಾವ, ಮಾತಾಡಿದ್ರೆ ನನ್ನ ಬಿಪಿ ಇನ್ನೂ ಏರುತ್ತೆ," ಅಂದರು ಟೈಲರಮ್ಮ. ಆಸ್ಪತ್ರೆಯಿಂದ ಮರಳಿದ್ದ ಅಣ್ಣ ಪಕ್ಕದಲ್ಲಿ ಕುಳಿತು, ತಂಗಿಯ ಚೀಟಿಯನ್ನು ತಾವೇ ಓದಿ, ಜೇಬಿನಲ್ಲಿಟ್ಟು ಕೊಟ್ಟರು.

ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ಇಂಥ ದಿನ ನಿಮ್ಮ ಊರಿಗೂ ಬರಬಹುದು. ನಿಮ್ಮ ಮಾತ್ರೆಯ ಚೀಟಿಯನ್ನು ಇವತ್ತೇ ಬರೆದು, ನೆನೆಯದ ಹಾಗೆ ಕಟ್ಟಿಡಿ. ಎದ್ದು ಓಡಬೇಕಾದಾಗ ಮೊದಲು ಅದಕ್ಕೆ ಕೈ ಹಾಕಿ. ಮಾತ್ರೆ ಕಳೆದುಹೋದರೆ ಸಿಕ್ಕವರದನ್ನು ನುಂಗಬೇಡಿ. ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಎದೆಯಲ್ಲಿ ಬಿಗಿತ, ಕೈ, ದವಡೆ ಅಥವಾ ಬೆನ್ನಿಗೆ ಹರಿಯುವ ನೋವು, ತಣ್ಣನೆ ಬೆವರು, ಏದುಸಿರು ಕಂಡರೆ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ. ಹೆಂಗಸರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು. ಅದನ್ನೂ ಹಗುರವಾಗಿ ಕಾಣಬೇಡಿ. ಹೇಳಿಕೊಳ್ಳುವುದರಲ್ಲಿ ಮರ್ಯಾದೆ ಹೋಗುವುದಿಲ್ಲ.

ಆ ಬೀದಿಯವರು ಐದನೇ ತಿಂಗಳು ತಮ್ಮ ಮನೆಗಳಿಗೆ ಮರಳಿದರು. ಮೂವತ್ತೊಂದು ಮನೆಯವರೂ ಇದ್ದರು. ಬಸ್ ಓಡಿಸುವುದು ಬೇಡವೆಂದು ವೈದ್ಯರು ಹೇಳಿದ್ದರಿಂದ ಡ್ರೈವರಣ್ಣ ಈಗ ಡಿಪೋದಲ್ಲಿ ಹೊಸ ಚಾಲಕರಿಗೆ ತರಬೇತಿ ಕೊಡುತ್ತಾರೆ.